ತೂಕ ಇಳಿಸಲು ಯೋಗ: ಹನ್ನೆರಡು ವಾರಗಳ ಅಭ್ಯಾಸ, ಯಾವುದು ಮೊದಲು, ಯಾವುದು ಆಮೇಲೆ

ನಮ್ಮ ಬೆಳಗಿನ ತರಗತಿಗೆ ತೂಕ ಇಳಿಸಬೇಕೆಂದು ಬರುವವರಲ್ಲಿ ಬಹಳ ಜನ ಮೂರನೇ ವಾರದ ಹೊತ್ತಿಗೆ ಕಾಣೆಯಾಗುತ್ತಾರೆ. ಫೋನ್ ಮಾಡಿ ವಿಚಾರಿಸಿದರೆ ಸಿಗುವ ಉತ್ತರ ಎರಡೇ. ಒಂದು, ಮಂಡಿ ಅಥವಾ ಮಣಿಕಟ್ಟು ಹಿಡಿದುಕೊಂಡಿತು. ಎರಡು, ಇಷ್ಟು ದಿನ ಮಾಡಿದರೂ ಮುಳ್ಳು ಅಲ್ಲಾಡಲಿಲ್ಲ. ಇವರಲ್ಲಿ ಸೋಮಾರಿಗಳು ಕಡಿಮೆ. ಕೊನೆಯಲ್ಲಿ ಮಾಡಬೇಕಾದದ್ದನ್ನು ಮೊದಲ ದಿನವೇ ಮಾಡಿ, ಮೊದಲು ಮಾಡಬೇಕಾದದ್ದನ್ನು ಬಿಟ್ಟವರೇ ಹೆಚ್ಚು. ಅದಕ್ಕೇ ಈ ಬರಹದಲ್ಲಿ ಯಾವ ಆಸನ ಒಳ್ಳೆಯದು ಎನ್ನುವುದಕ್ಕಿಂತ ಯಾವುದರ ನಂತರ ಯಾವುದು ಎನ್ನುವುದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲೇ ಒಂದು ಲೆಕ್ಕ ನೋಡಿಬಿಡೋಣ. 75 ಕಿಲೋ ತೂಕದವರು ಅರ್ಧ ಗಂಟೆ ನಿಧಾನವಾಗಿ ಆಸನ ಮಾಡಿದರೆ ಸುಮಾರು 95 ಕ್ಯಾಲೊರಿ ಖರ್ಚಾಗುತ್ತದೆ. ಸುಮ್ಮನೆ ಕೂತಿದ್ದರೂ ಆಗುತ್ತಿದ್ದ ಖರ್ಚು ಅದರಲ್ಲೇ ಸೇರಿದೆ. ಎರಡು ಟೀ ಚಮಚ ಎಣ್ಣೆಯಲ್ಲಿ 80 ಕ್ಯಾಲೊರಿ ಇರುತ್ತದೆ. ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಕೊರತೆ ಬೀಳಬೇಕು. ಹಾಗಾಗಿ ಆಸನವೊಂದರಿಂದಲೇ ತೂಕ ಇಳಿಯುವುದಿಲ್ಲ. ಬೆವರು ಬರುವ ಹಾಗೆ ವಾರಕ್ಕೆ ಐದು ದಿನ ಅಭ್ಯಾಸ, ತಟ್ಟೆಯಲ್ಲಿ ಬದಲಾವಣೆ, ಸ್ವಲ್ಪ ನಡಿಗೆ, ಈ ಮೂರೂ ಕೂಡಿದರೆ ಇಳಿಯುತ್ತದೆ. ಬೆಳಿಗ್ಗೆ ಅಭ್ಯಾಸ ಮುಗಿಸಿ ದಾರಿಯಲ್ಲಿ ದರ್ಶಿನಿಗೆ ಹೋಗಿ ಎರಡು ಉದ್ದಿನ ವಡೆ, ಒಂದು ಕಾಫಿ ತೆಗೆದುಕೊಂಡರೆ ಆ ದಿನದ ಲೆಕ್ಕ ಅಲ್ಲಿಗೇ ಚುಕ್ತಾ.

ಹಂತ 1: ಮ್ಯಾಟ್ ಹಾಸುವ ಮೊದಲು

ಮನೆಯಲ್ಲಿರುವ ಬಟ್ಟೆ ಅಳೆಯುವ ಟೇಪು ತೆಗೆದುಕೊಳ್ಳಿ. ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನದೆ, ಪಕ್ಕೆಲುಬಿನ ಕೆಳಅಂಚಿಗೂ ಸೊಂಟದ ಮೂಳೆಗೂ ನಡುವೆ ಸುತ್ತಳತೆ ತೆಗೆಯಿರಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ಉಸಿರು ಸಹಜವಾಗಿ ಬಿಟ್ಟಾಗ ಅಳೆಯಿರಿ. ನಮ್ಮ ದೇಶದವರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು ಎಂದು ವೈದ್ಯರು ಹೇಳುತ್ತಾರೆ. ಆ ಅಂಕಿಯನ್ನು, ತೂಕವನ್ನು ತಾರೀಕು ಹಾಕಿ ಕ್ಯಾಲೆಂಡರಿನಲ್ಲಿ ಬರೆದಿಡಿ.

ಆಮೇಲೆ ವಾರಕ್ಕೊಮ್ಮೆ ಮಾತ್ರ, ಪ್ರತಿ ಸಲ ಅದೇ ದಿನ, ಅದೇ ಹೊತ್ತಿಗೆ ತೂಕ ನೋಡಿ. ದಿನಾ ನೋಡುವವರೇ ಬೇಗ ಸೋಲುವುದು. ಹಿಂದಿನ ರಾತ್ರಿ ಉಪ್ಪಿನಕಾಯಿ, ಹಪ್ಪಳ ಹೆಚ್ಚಾದರೆ, ಹೊಟ್ಟೆ ಕಟ್ಟಿದರೆ, ಮುಟ್ಟಿನ ದಿನ ಹತ್ತಿರ ಬಂದರೆ ಒಂದೆರಡು ಕಿಲೋ ಏರಿದಂತೆ ಕಾಣುತ್ತದೆ. ಅದರಲ್ಲಿ ಬಹುಪಾಲು ನೀರು.

ಬಿಪಿ, ಶುಗರ್, ಹೃದಯದ ತೊಂದರೆ, ಗ್ಲಾಕೋಮಾ, ಹರ್ನಿಯಾ, ಬೆನ್ನಿನ ಡಿಸ್ಕ್ ಸಮಸ್ಯೆ ಇರುವವರು, ಇತ್ತೀಚೆಗೆ ಹೊಟ್ಟೆಯ ಆಪರೇಷನ್ ಆದವರು ಮೊದಲು ನಿಮ್ಮ ವೈದ್ಯರ ಹತ್ತಿರ ಮಾತಾಡಿ. ಶುಗರ್‌ಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಮಾಡಬಹುದೇ ಎಂದು ತಪ್ಪದೆ ಕೇಳಿ. ಗರ್ಭಿಣಿಯರಿಗೆ ತೂಕ ಇಳಿಸುವ ಅಭ್ಯಾಸ ಬೇಡವೇ ಬೇಡ.

ಹಂತ 2: ಸಾಮಾನು, ಜಾಗ, ಹೊತ್ತು

ಐದಾರು ಮಿಲಿಮೀಟರ್ ದಪ್ಪದ, ಜಾರದ ಮ್ಯಾಟ್ ಸಾಕು. ಗ್ರಾನೈಟ್ ನೆಲದ ಮೇಲೆ ಜಮಖಾನ ಹಾಸಿಕೊಂಡು ಸೂರ್ಯನಮಸ್ಕಾರ ಮಾಡಬೇಡಿ. ಕಾಲು ಹಿಂದಕ್ಕೆ ಇಟ್ಟಾಗ ಜಮಖಾನವೂ ಜೊತೆಗೆ ಜಾರುತ್ತದೆ. ಹಾಸಿಗೆಯ ಮೇಲೆ, ದಪ್ಪ ಫೋಮ್ ಮೇಲೆ ಮಾಡಿದರೆ ಅಂಗೈ ಹೂತು ಮಣಿಕಟ್ಟು ನೋಯುತ್ತದೆ.

ಗಾಲಿ ಇಲ್ಲದ ಗಟ್ಟಿ ಕುರ್ಚಿ ಒಂದು, ಖಾಲಿ ಗೋಡೆ ಒಂದು, ಉದ್ದಕ್ಕೆ ಮಡಿಚಿದ ಹಳೇ ಪಂಚೆ ಅಥವಾ ದುಪಟ್ಟಾ ಒಂದು, ಗಟ್ಟಿ ದಿಂಬು ಒಂದು ಇದ್ದರೆ ಬೇರೇನೂ ಕೊಳ್ಳಬೇಕಿಲ್ಲ. ತೂಕ ಹೆಚ್ಚಿರುವವರಿಗೆ ಕುರ್ಚಿ, ಗೋಡೆ ಅತ್ಯಗತ್ಯ. ಅವುಗಳ ಆಸರೆ ತೆಗೆದುಕೊಳ್ಳಲು ನಾಚಿಕೊಳ್ಳಬೇಡಿ.

ಹೊತ್ತು ಬೆಳಿಗ್ಗೆಯೇ ಆಗಬೇಕೆಂದಿಲ್ಲ. ಊಟವಾಗಿ ಮೂರು ನಾಲ್ಕು ಗಂಟೆ, ಲಘು ತಿಂಡಿಯಾಗಿ ಎರಡು ಗಂಟೆ ಕಳೆದಿದ್ದರೆ ಸರಿ. ರಾತ್ರಿ ಪಾಳಿ ಮುಗಿಸಿ ಬರುವವರು ಎದ್ದ ಮೇಲೆ ಸಂಜೆ ಮಾಡಿಕೊಳ್ಳಿ. ದಿನಾ ಒಂದೇ ಹೊತ್ತಾದರೆ ಒಳ್ಳೆಯದು. ವಾರಕ್ಕೆ ಐದು ದಿನ ಅಭ್ಯಾಸ, ಎರಡು ದಿನ ಬಿಡುವು.

ಹಂತ 3: ಮೊದಲ ಎರಡು ವಾರ, ಸೂರ್ಯನಮಸ್ಕಾರ ಬೇಡ

ಇದನ್ನು ಹೇಳಿದಾಗಲೆಲ್ಲ ಜನರ ಮುಖ ಸಪ್ಪಗಾಗುತ್ತದೆ. ಆದರೂ ಈ ಹಂತ ಬಿಟ್ಟವರೇ ಮಂಡಿ ಹಿಡಿದುಕೊಂಡು ಕೂರುವವರು. ವರ್ಷಗಟ್ಟಲೆ ಕುರ್ಚಿಯಲ್ಲಿ ಕೂತ ದೇಹದ ಭಾರವನ್ನು ಇದ್ದಕ್ಕಿದ್ದಂತೆ ಅಂಗೈ ಮೇಲೆ ಹಾಕಿದರೆ ಮಣಿಕಟ್ಟು, ಭುಜ ತಡೆಯುವುದಿಲ್ಲ.

ದಿನಕ್ಕೆ 25 ನಿಮಿಷ ಸಾಕು. ಮೊದಲ ಹತ್ತು ನಿಮಿಷ ಕತ್ತು, ಭುಜ, ಮಣಿಕಟ್ಟು, ಸೊಂಟ, ಮಂಡಿ, ಹಿಮ್ಮಡಿ ಹೀಗೆ ಮೇಲಿಂದ ಕೆಳಕ್ಕೆ ಕೀಲುಗಳನ್ನು ಸಡಿಲಿಸಿ. ಕತ್ತನ್ನು ಪೂರ್ತಿ ಗುಂಡಗೆ ತಿರುಗಿಸಬೇಡಿ, ಬಲಕ್ಕೆ ಎಡಕ್ಕೆ ಮೇಲೆ ಕೆಳಗೆ ಮಾತ್ರ.

ನಂತರ ಮೂರು ಕೆಲಸ. ಒಂದು, ಕುರ್ಚಿಯಿಂದ ಕೈ ಊರದೆ ಏಳುವುದು, ನಿಧಾನವಾಗಿ ಕೂರುವುದು, ಹತ್ತು ಸಲ, ಎರಡು ಬಾರಿ. ಕೂರುವಾಗ ದೊಪ್ಪನೆ ಬೀಳದೆ ಮನಸ್ಸಿನಲ್ಲೇ ನಾಲ್ಕು ಎಣಿಸಿ. ಎರಡು, ಗೋಡೆಗೆ ಅಂಗೈ ಊರಿ ಒಂದು ಹೆಜ್ಜೆ ಹಿಂದೆ ನಿಂತು, ಮೊಣಕೈ ಮಡಿಚಿ ಎದೆಯನ್ನು ಗೋಡೆ ಹತ್ತಿರ ತಂದು ಮತ್ತೆ ತಳ್ಳುವುದು, ಹತ್ತು ಸಲ. ಮೂರು, ಮಾರ್ಜಾಲಾಸನ. ಕೈ ಮಂಡಿ ಊರಿ ಉಸಿರು ತೆಗೆದುಕೊಳ್ಳುತ್ತಾ ಬೆನ್ನು ತಗ್ಗಿಸುವುದು, ಬಿಡುತ್ತಾ ಉಬ್ಬಿಸುವುದು, ಹತ್ತು ಸಲ. ಮಂಡಿ ನೋಯುವವರು ಕೆಳಗೆ ದಿಂಬು ಅಥವಾ ಮಡಿಚಿದ ಕಂಬಳಿ ಇಟ್ಟುಕೊಳ್ಳಿ.

ಕೊನೆಗೆ ಐದು ನಿಮಿಷ ಶವಾಸನ, ಅಂದರೆ ಅಂಗಾತ ಮಲಗಿ ಮೈ ಪೂರ್ತಿ ಸಡಿಲ ಬಿಡುವುದು. ಎರಡನೇ ವಾರದ ಕೊನೆಗೆ ಕುರ್ಚಿಯಿಂದ ಇಪ್ಪತ್ತು ಸಲ ಸರಾಗವಾಗಿ ಏಳಲು ಬಂದರೆ ಮುಂದಿನ ಹಂತಕ್ಕೆ ಹೋಗಿ. ಬರದಿದ್ದರೆ ಇನ್ನೊಂದು ವಾರ ಇಲ್ಲೇ ಇರಿ.

ಹಂತ 4: ಸೂರ್ಯನಮಸ್ಕಾರ

ಇಡೀ ಅಭ್ಯಾಸದ ತಿರುಳು ಇದು. ಮನೆಯಲ್ಲಿ ಮಾಡಬಹುದಾದ ಯೋಗಾಭ್ಯಾಸದಲ್ಲಿ ಕೈ, ಕಾಲು, ಬೆನ್ನು, ಹೊಟ್ಟೆ ಎಲ್ಲವನ್ನೂ ಒಟ್ಟಿಗೆ ದುಡಿಸಿ ಎದೆಬಡಿತ ಏರಿಸುವುದು ಇದೇ. ಅದಕ್ಕೇ ತಪ್ಪು ಹೆಚ್ಚು ಆಗುವುದೂ ಇಲ್ಲೇ.

ಎಷ್ಟು ಸುತ್ತು? ನಾನು ಹೇಳಿಕೊಡುವ ಲೆಕ್ಕ ಸುಲಭ: ವಾರ ಎಷ್ಟನೆಯದೋ ಅಷ್ಟು ಸುತ್ತು. ಮೂರನೇ ವಾರ 3, ನಾಲ್ಕನೇ ವಾರ 4, ಹನ್ನೆರಡನೇ ವಾರ 12. ಬಲಗಾಲಿನಿಂದ ಒಮ್ಮೆ, ಎಡಗಾಲಿನಿಂದ ಒಮ್ಮೆ ಮಾಡಿದರೆ ಒಂದು ಸುತ್ತು. ಅರ್ಧವನ್ನೇ ಒಂದು ಎಂದು ಎಣಿಸಿ ಇಷ್ಟೇನಾ ಎಂದುಕೊಳ್ಳುವವರು ಬಹಳ. ಒಂದು ಪೂರ್ಣ ಸುತ್ತಿಗೆ ಸುಮಾರು ಒಂದೂವರೆ ನಿಮಿಷ ಹಿಡಿಯಬೇಕು. ನಲವತ್ತು ಸೆಕೆಂಡಿನಲ್ಲಿ ಮುಗಿದರೆ ನೀವು ಉಸಿರಿನ ಲೆಕ್ಕ ಬಿಟ್ಟು ಕೈಕಾಲು ಮಾತ್ರ ಆಡಿಸುತ್ತಿದ್ದೀರಿ.

ಬೇರೆ ಬೇರೆ ಕಡೆ ಕಲಿಸುವ ಕ್ರಮದಲ್ಲಿ ಸಣ್ಣ ವ್ಯತ್ಯಾಸಗಳಿವೆ. ನಮ್ಮಲ್ಲಿ ರೂಢಿಯಲ್ಲಿರುವ ಹನ್ನೆರಡು ಸ್ಥಿತಿ ಹೀಗೆ.

1. ಪ್ರಣಾಮಾಸನ. ಪಾದ ಜೋಡಿಸಿ ಕೈ ಮುಗಿದು ನಿಲ್ಲಿ. ತೊಡೆ ದಪ್ಪವಿದ್ದು ಆಯ ತಪ್ಪಿದರೆ ಪಾದದ ನಡುವೆ ಒಂದು ಗೇಣು ಜಾಗ ಬಿಡಿ.

2. ಹಸ್ತ ಉತ್ತಾನಾಸನ. ಉಸಿರು ತೆಗೆದುಕೊಳ್ಳುತ್ತಾ ಕೈ ಮೇಲೆತ್ತಿ. ಹಿಂದಕ್ಕೆ ಎಷ್ಟು ಬಾಗಿದಿರಿ ಎನ್ನುವುದು ಮುಖ್ಯವಲ್ಲ. ಸೊಂಟ ಚುಚ್ಚಿದರೆ ನೇರವಾಗಿ ಮೇಲಕ್ಕೆ ಚಾಚಿದರೆ ಸಾಕು.

3. ಪಾದಹಸ್ತಾಸನ. ಉಸಿರು ಬಿಡುತ್ತಾ ಮುಂದೆ ಬಾಗಿ. ಕೈ ನೆಲಕ್ಕೆ ತಾಗಲೇಬೇಕೆಂದು ಮಂಡಿ ಬಿಗಿದು ಜಗ್ಗುವುದು ಬೆನ್ನಿಗೆ ಅಪಾಯ. ಮಂಡಿ ಧಾರಾಳವಾಗಿ ಮಡಿಚಿ, ಹೊಟ್ಟೆ ತೊಡೆಯ ಮೇಲೆ ಕೂರಲಿ.

4. ಅಶ್ವಸಂಚಲನಾಸನ. ಉಸಿರು ತೆಗೆದುಕೊಳ್ಳುತ್ತಾ ಬಲಗಾಲು ಹಿಂದಕ್ಕೆ, ಮಂಡಿ ನೆಲಕ್ಕೆ, ನೋಟ ಮುಂದಕ್ಕೆ. ಮುಂದಿರುವ ಮಂಡಿ ಹಿಮ್ಮಡಿಯ ಮೇಲೆ ನೇರವಾಗಿ ನಿಲ್ಲಲಿ.

5. ದಂಡಾಸನ. ಉಸಿರು ಬಿಡುತ್ತಾ ಇನ್ನೊಂದು ಕಾಲನ್ನೂ ಹಿಂದಿಟ್ಟು ದೇಹ ಹಲಗೆಯಂತೆ ನೆಟ್ಟಗೆ. ಅಂಗೈ ಭುಜದ ನೇರ ಕೆಳಗೆ. ಬೆರಳುಗಳನ್ನು ಪೂರ್ತಿ ಅಗಲಿಸಿ ಬೆರಳ ಬುಡದಿಂದ ನೆಲ ಒತ್ತಿ, ಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳಬಾರದು. ಸೊಂಟ ಜೋತು ಬಿದ್ದರೆ ಮಂಡಿ ನೆಲಕ್ಕೆ ಊರಿಕೊಳ್ಳಿ.

6. ಅಷ್ಟಾಂಗ ನಮಸ್ಕಾರ. ಮೊದಲು ಮಂಡಿ, ಆಮೇಲೆ ಎದೆ, ಕೊನೆಗೆ ಗದ್ದ. ಎರಡು ಪಾದ, ಎರಡು ಮಂಡಿ, ಎರಡು ಅಂಗೈ, ಎದೆ, ಗದ್ದ ಇಷ್ಟೇ ನೆಲಕ್ಕೆ ತಾಗಬೇಕು. ಇಲ್ಲಿ ಉಸಿರನ್ನು ಹೊರಗೇ ತಡೆಯುವ ರೂಢಿಯಿದೆ. ಬಿಪಿ ಇರುವವರು ತಡೆಯಬೇಡಿ.

7. ಭುಜಂಗಾಸನ. ಉಸಿರು ತೆಗೆದುಕೊಳ್ಳುತ್ತಾ ಎದೆ ಎತ್ತಿ. ಮೊಣಕೈ ಸ್ವಲ್ಪ ಮಡಿಚಿರಲಿ, ಭುಜ ಕಿವಿಯ ಕಡೆ ಏರದಿರಲಿ.

8. ಪರ್ವತಾಸನ. ಉಸಿರು ಬಿಡುತ್ತಾ ಸೊಂಟ ಮೇಲೆತ್ತಿ. ಹಿಮ್ಮಡಿ ನೆಲಕ್ಕೆ ತಾಗದಿದ್ದರೆ ಚಿಂತೆಯಿಲ್ಲ.

9. ಅಶ್ವಸಂಚಲನಾಸನ. ಉಸಿರು ತೆಗೆದುಕೊಳ್ಳುತ್ತಾ ಬಲಗಾಲು ಮುಂದಕ್ಕೆ. ಹೊಟ್ಟೆ ಅಡ್ಡ ಬಂದು ಪಾದ ಅರ್ಧದಲ್ಲೇ ನಿಂತರೆ ಕೈಯಿಂದ ಕಾಲು ಹಿಡಿದು ಮುಂದೆ ತಂದಿಟ್ಟುಕೊಳ್ಳಿ. ಎಲ್ಲರಿಗೂ ಆಗುವ ತೊಂದರೆ ಇದು, ಎರಡು ತಿಂಗಳಲ್ಲಿ ತಾನಾಗಿ ಸರಿಹೋಗುತ್ತದೆ.

10, 11, 12. ಪಾದಹಸ್ತಾಸನ, ಹಸ್ತ ಉತ್ತಾನಾಸನ, ಪ್ರಣಾಮಾಸನ. ಬಂದ ದಾರಿಯಲ್ಲೇ ವಾಪಸು.

ತರಗತಿಯಲ್ಲಿ ಅತಿ ಹೆಚ್ಚು ತಿದ್ದುವುದು ಐದರಿಂದ ಆರಕ್ಕೆ ಇಳಿಯುವ ಜಾಗ. ಹೊಸಬರು ಅಲ್ಲಿ ದಪ್ಪನೆ ಹೊಟ್ಟೆಯ ಮೇಲೆ ಬೀಳುತ್ತಾರೆ. ಮಾಂಸಖಂಡಕ್ಕೆ ನಿಜವಾಗಿ ದುಡಿಮೆ ಇರುವುದು ಆ ಇಳಿಯುವ ಮೂರು ಸೆಕೆಂಡಿನಲ್ಲೇ. ಅದನ್ನು ತಪ್ಪಿಸಿದರೆ ಹತ್ತು ಸುತ್ತು ಹಾಕಿದರೂ ಲಾಭ ಕಡಿಮೆ. ಮಂಡಿ ಊರಿದ ಮೇಲೆ ಮೂರು ಎಣಿಸುತ್ತಾ ಇಳಿಯಿರಿ.

ವೇಗ ಸರಿಯಿದೆಯೇ ಎಂದು ತಿಳಿಯಲು ಯಂತ್ರ ಬೇಡ. ಸುತ್ತು ಮುಗಿದ ಕೂಡಲೇ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಮಾತೂ ಬರದಿದ್ದರೆ ಹೆಚ್ಚಾಯಿತು. ಹಾಡೂ ಬಂದರೆ ಸ್ವಲ್ಪ ಚುರುಕಾಗಬೇಕು.

ಕುಕ್ಕರಗಾಲಲ್ಲಿ ಕೂರಲೂ ಆಗದಷ್ಟು ಮಂಡಿನೋವು ಇರುವವರು ಇಡೀ ಸುತ್ತನ್ನು ಕುರ್ಚಿಯ ಆಸನದ ಮೇಲೆ ಅಂಗೈ ಊರಿ ಮಾಡಬಹುದು. ಕುರ್ಚಿಯ ಬೆನ್ನು ಗೋಡೆಗೆ ತಾಗಿರಲಿ.

ರಥಸಪ್ತಮಿಯ ದಿನ ಸಾಮೂಹಿಕವಾಗಿ 108 ನಮಸ್ಕಾರ ಮಾಡುವ ಕಾರ್ಯಕ್ರಮಗಳು ನಮ್ಮ ಊರುಗಳಲ್ಲಿ ನಡೆಯುತ್ತವೆ. ಅಭ್ಯಾಸ ಇರುವವರಿಗೆ ಅದು ಚೆಂದದ ದಿನ. ಆರು ಸುತ್ತಿನಲ್ಲಿರುವವರು ಹುಮ್ಮಸ್ಸಿನಲ್ಲಿ 108 ಮುಗಿಸಿ ಬಂದು ಮುಂದಿನ ಹದಿನೈದು ದಿನ ಭುಜ ಎತ್ತಲಾಗದೆ ಇರುವುದನ್ನು ಪ್ರತಿ ವರ್ಷ ನೋಡುತ್ತೇನೆ. ಹೋಗಿ, ನಿಮ್ಮ ಸುತ್ತು ಮುಗಿಸಿ, ಪಕ್ಕಕ್ಕೆ ಕೂತು ಉಳಿದವರ ಜೊತೆ ಮಂತ್ರ ಹೇಳಿ.

ಹಂತ 5: ನಿಂತು ಮಾಡುವ ಆಸನ, ಐದನೇ ವಾರದಿಂದ

ನಮಸ್ಕಾರ ಮುಗಿದು ಮೈ ಬಿಸಿಯಾಗಿರುವಾಗಲೇ ಇವನ್ನು ಸೇರಿಸಿ. ಉತ್ಕಟಾಸನ (ಕುರ್ಚಿಯಲ್ಲಿ ಕೂರುವಂತೆ ಮಂಡಿ ಮಡಿಚಿ, ಕೈ ಮೇಲೆತ್ತಿ ನಿಲ್ಲುವುದು), ವೀರಭದ್ರಾಸನ (ಕಾಲು ಅಗಲಿಸಿ ಮುಂದಿನ ಮಂಡಿ ಮಡಿಚಿ, ಕೈ ಚಾಚಿ ನಿಲ್ಲುವುದು), ತ್ರಿಕೋನಾಸನ (ಕಾಲು ಅಗಲಿಸಿ ಪಕ್ಕಕ್ಕೆ ಬಾಗುವುದು) ಈ ಮೂರೇ ಸಾಕು. ತೊಡೆ ಮತ್ತು ಪೃಷ್ಠ ದೇಹದ ದೊಡ್ಡ ಮಾಂಸಖಂಡಗಳಿರುವ ಜಾಗ. ಊಟ ಕಡಿಮೆ ಮಾಡಿ ತೂಕ ಇಳಿಸುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗದಿರಲು ಅವನ್ನು ದುಡಿಸುತ್ತಿರಬೇಕು.

ಒಂದೊಂದರಲ್ಲಿ ಐದು ದೀರ್ಘ ಉಸಿರು ನಿಲ್ಲಿ, ಎರಡೂ ಕಡೆ, ಎರಡು ಬಾರಿ. ವೀರಭದ್ರಾಸನದಲ್ಲಿ ಮಡಿಚಿದ ಮಂಡಿ ಒಳಗಡೆ ಹೆಬ್ಬೆರಳ ಕಡೆ ವಾಲುವುದು ಸಾಮಾನ್ಯ ತಪ್ಪು. ಪಾದದ ಎರಡನೇ ಬೆರಳಿನ ದಿಕ್ಕಿಗೇ ಮಂಡಿ ಇರಲಿ. ತ್ರಿಕೋನಾಸನದಲ್ಲಿ ಕೈ ನೆಲ ಮುಟ್ಟಬೇಕಿಲ್ಲ, ಮೊಣಕಾಲಿನ ಮೇಲೆ ಒತ್ತುವುದೂ ಬೇಡ. ಕುರ್ಚಿಯ ಮೇಲೆ ಇಡಿ. ತೊಡೆ ನಡುಗಿದರೆ ಹೆದರಬೇಡಿ. ಮಂಡಿಯ ಒಳಗೆ ಚುಚ್ಚಿದರೆ ಬಿಡಿ.

ಹಂತ 6: ನೆಲದ ಮೇಲೆ, ಕೊನೆಯ ಹದಿನೈದು ನಿಮಿಷ

ಹೊಟ್ಟೆಯ ಕೊಬ್ಬನ್ನೇ ಕರಗಿಸುವ ಆಸನ ಯಾವುದು ಎಂದು ಕೇಳದವರಿಲ್ಲ. ಅಂಥದ್ದು ಇಲ್ಲ. ಕೂತು ಕಾಲು, ಎದೆ ಎರಡನ್ನೂ ದೋಣಿಯಂತೆ ಎತ್ತಿ ಹಿಡಿಯುವ ನೌಕಾಸನ ಹೊಟ್ಟೆಯ ಸ್ನಾಯುವನ್ನು ಗಟ್ಟಿ ಮಾಡುತ್ತದೆ, ಅದರ ಮೇಲಿನ ಕೊಬ್ಬು ಇಡೀ ದೇಹದ ಲೆಕ್ಕದಲ್ಲೇ ಇಳಿಯುವುದು. ಹೊಟ್ಟೆ ಮಾತ್ರ ಕರಗುತ್ತದೆಂದು ನಂಬಿ ದಿನಕ್ಕೆ ಐವತ್ತು ಸಲ ನೌಕಾಸನ ಮಾಡಿ ಸೊಂಟ ಹಿಡಿಸಿಕೊಳ್ಳಬೇಡಿ. ಮಂಡಿ ಮಡಿಚಿಯೇ ಐದು ಉಸಿರು, ಮೂರು ಸಲ ಸಾಕು. ನಂತರ ಸೇತುಬಂಧಾಸನ (ಅಂಗಾತ ಮಲಗಿ, ಮಂಡಿ ಮಡಿಚಿ ಸೊಂಟ ಎತ್ತುವುದು) ಐದು ಸಲ, ಪವನಮುಕ್ತಾಸನ (ಮಲಗಿ ಮಂಡಿಗಳನ್ನು ಎದೆಗೆ ಅಪ್ಪಿಕೊಳ್ಳುವುದು).

ಹೊಟ್ಟೆಯನ್ನು ಒಳಗೆಳೆದು ಉಸಿರನ್ನು ರಭಸದಿಂದ ಹೊರಹಾಕುವ ಕಪಾಲಭಾತಿಯ ಬಗ್ಗೆ ಒಂದು ಮಾತು. ತೂಕ ಇಳಿಸಲು ಅದೊಂದೇ ಸಾಕೆಂದು ಖಾಲಿ ಹೊಟ್ಟೆಯಲ್ಲಿ ಅರ್ಧ ಗಂಟೆ ಹೊಟ್ಟೆ ಬಡಿದುಕೊಳ್ಳುವವರನ್ನು ಕಂಡಿದ್ದೇನೆ. ಅದು ಉಸಿರಿನ ಶುದ್ಧಿಕ್ರಿಯೆ. ಅದರಲ್ಲಿ ಖರ್ಚಾಗುವ ಶಕ್ತಿ ಅಲ್ಪ. ಬಿಪಿ, ಹೃದಯದ ತೊಂದರೆ, ಹರ್ನಿಯಾ, ಮೂರ್ಛೆರೋಗ ಇರುವವರು, ಗರ್ಭಿಣಿಯರು ಮಾಡಬಾರದು. ಆರೋಗ್ಯವಾಗಿರುವವರು ಬಲ್ಲವರ ಎದುರು ಕಲಿತು 30 ಸಲದಂತೆ ಮೂರು ಬಾರಿ ಮಾಡಿಕೊಳ್ಳಲಿ, ತಲೆ ಸುತ್ತಿದರೆ ನಿಲ್ಲಿಸಲಿ. ಬಿಟ್ಟರೂ ತೂಕದ ಲೆಕ್ಕದಲ್ಲಿ ನಷ್ಟವಿಲ್ಲ.

ಬಿಡಬಾರದ್ದು ನಾಡಿಶೋಧನ, ಅಂದರೆ ಒಂದೊಂದೇ ಮೂಗಿನ ಹೊಳ್ಳೆಯಿಂದ ನಿಧಾನವಾಗಿ ಉಸಿರಾಡುವ ಪ್ರಾಣಾಯಾಮ, ಐದು ನಿಮಿಷ. ಇದನ್ನು ಸಂಜೆ ಆಫೀಸಿನಿಂದ ಬಂದ ಕೂಡಲೇ ಇನ್ನೊಮ್ಮೆ ಮಾಡಿ ನೋಡಿ. ಹಸಿವಿಲ್ಲದಿದ್ದರೂ ಸುಸ್ತು, ಬೇಸರದಲ್ಲಿ ಕೈ ಖಾರದ ಡಬ್ಬಿಗೆ ಹೋಗುವ ಹೊತ್ತು ಅದು. ಐದು ನಿಮಿಷ ಕೂತು ಎದ್ದರೆ ಆ ಸೆಳೆತ ತಗ್ಗುವುದನ್ನು ನನ್ನಲ್ಲೂ, ಕಲಿಯಲು ಬಂದವರಲ್ಲೂ ಕಂಡಿದ್ದೇನೆ. ತೂಕದ ವಿಷಯದಲ್ಲಿ ಪ್ರಾಣಾಯಾಮದ ನಿಜವಾದ ಉಪಕಾರ ಇದೇ ಎಂದು ನನ್ನ ನಂಬಿಕೆ.

ಶವಾಸನ ಐದು ನಿಮಿಷ. ಸಮಯವಿಲ್ಲವೆಂದು ಇದನ್ನು ಕತ್ತರಿಸಬೇಡಿ. ಕತ್ತರಿಸಲೇಬೇಕಾದರೆ ಒಂದು ಸುತ್ತು ಕಡಿಮೆ ಮಾಡಿ.

ಹಂತ 7: ತಟ್ಟೆ

ಮೊದಲ ವಾರದಿಂದಲೇ ಶುರುವಾಗಬೇಕಾದ್ದು ಇದು. ಉಪವಾಸ ಬೇಡ, ಒಂದೊಂದೇ ಬದಲಿಸಿ.

ಎಣ್ಣೆಯಿಂದ ಶುರು ಮಾಡಿ. ತಲೆಗೆ ತಿಂಗಳಿಗೆ ಅರ್ಧ ಲೀಟರ್, ನಾಲ್ಕು ಜನರ ಮನೆಗೆ ಎರಡು ಲೀಟರ್. ಒಂದನೇ ತಾರೀಕು ಅಷ್ಟನ್ನೇ ತಂದಿಟ್ಟು ಅದರಲ್ಲೇ ಒಗ್ಗರಣೆ, ಪಲ್ಯ, ದೋಸೆ, ಹಬ್ಬ ಎಲ್ಲ ಮುಗಿಸಿ. ಯಾರೂ ಕ್ಯಾಲೊರಿ ಎಣಿಸಬೇಕಿಲ್ಲ.

ಎರಡನೆಯದು ಕಾಳು. ಅನ್ನ ಸಾರಿನ ಊಟದಲ್ಲಿ ಅನ್ನ ಮೂರು ಪಾಲು, ಸಾರು ನೀರಿನಂತೆ ಇರುತ್ತದೆ. ಹೆಸರುಕಾಳು, ಅಲಸಂದೆ, ಕಡಲೆ, ಅವರೆ ಇವುಗಳ ಗಟ್ಟಿ ಸಾರು ಅಥವಾ ಉಸಲಿ, ಒಂದು ಬಟ್ಟಲು ಮೊಸರು, ತಿನ್ನುವವರು ಮೊಟ್ಟೆ ಅಥವಾ ಮೀನು, ಪ್ರತಿ ಊಟದಲ್ಲೂ ಇವುಗಳಲ್ಲಿ ಒಂದಾದರೂ ಇರಲಿ. ಹೊಟ್ಟೆ ತುಂಬಿದ ಭಾವ ಹೆಚ್ಚು ಹೊತ್ತು ನಿಲ್ಲುತ್ತದೆ.

ಮುದ್ದೆ ತಿಂದರೆ ಎಷ್ಟು ತಿಂದರೂ ದಪ್ಪವಾಗುವುದಿಲ್ಲ ಎನ್ನುವ ಮಾತು ಸರಿಯಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿರುವ ಕ್ಯಾಲೊರಿ ಅಕ್ಕಿಗಿಂತ ಸ್ವಲ್ಪವೇ ಕಡಿಮೆ. ರಾಗಿಯಲ್ಲಿ ನಾರು ಹೆಚ್ಚು, ಸೊಪ್ಪಿನ ಸಾರಿನ ಜೊತೆ ಒಂದು ಮುದ್ದೆಗೇ ಹೊಟ್ಟೆ ತುಂಬುತ್ತದೆ, ಲಾಭ ಅಲ್ಲಿದೆ. ಮೇಲೆ ಮತ್ತೆ ಅನ್ನ ಬಡಿಸಿಕೊಂಡರೆ ಇಲ್ಲ. ಬೆಳಿಗ್ಗೆಯ ಜೇನು ನಿಂಬೆ ನೀರೂ ಹಾಗೆಯೇ. ಜೇನು ಸಕ್ಕರೆಯೇ, ಬರೀ ಬೆಚ್ಚಗಿನ ನೀರು ಕುಡಿಯಿರಿ.

ರಾತ್ರಿ ಊಟ ಮಲಗುವ ಎರಡು ಮೂರು ಗಂಟೆ ಮೊದಲು. ಸಂಜೆ ಅರ್ಧ ಗಂಟೆ ಬಿರುಸಿನ ನಡಿಗೆ, ವಾರಕ್ಕೆ ಐದು ದಿನ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ವಾರಕ್ಕೆ ಕನಿಷ್ಠ 150 ನಿಮಿಷ ನಡಿಗೆಯಲ್ಲೇ ಮುಗಿಯುತ್ತದೆ, ಯೋಗ ಅದರ ಮೇಲೆ ಸೇರುತ್ತದೆ.

ತಕ್ಷಣ ನಿಲ್ಲಿಸಬೇಕಾದ ಸೂಚನೆಗಳು

ಎದೆಯಲ್ಲಿ ಹಿಂಡಿದಂತೆ ನೋವು, ಅದು ಎಡಗೈ ಅಥವಾ ದವಡೆಗೆ ಹರಡುವುದು, ಕೂತರೂ ತಗ್ಗದ ಏದುಸಿರು: ಗ್ಯಾಸ್ ಇರಬಹುದೆಂದು ಕಾಯದೆ ಆಸ್ಪತ್ರೆಗೆ ಹೋಗಿ. ಶುಗರ್ ಇರುವವರಿಗೆ ತಣ್ಣನೆ ಬೆವರು, ಕೈ ನಡುಕ, ಮಂಕು ಬಂದರೆ ಶುಗರ್ ಇಳಿದಿರಬಹುದು. ತಕ್ಷಣ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಯಿರಿ, ಆ ದಿನ ಅಭ್ಯಾಸ ಬೇಡ. ಸೊಂಟದಿಂದ ಕಾಲಿಗೆ ಮಿಂಚಿನಂತೆ ಇಳಿಯುವ ನೋವು, ಜೋಮು ಕಂಡರೆ ಮುಂದೆ ಬಾಗುವ ಆಸನ ಬಿಟ್ಟು ವೈದ್ಯರಿಗೆ ತೋರಿಸಿ.

ಮಾರನೇ ದಿನ ತೊಡೆ, ಹೊಟ್ಟೆಯಲ್ಲಿ ಸಾಧಾರಣ ಮೈಕೈ ನೋವು ಸಹಜ. ಕೀಲಿನೊಳಗಿನ ನೋವು ಮೂರು ದಿನ ದಾಟಿದರೆ ಸಹಜವಲ್ಲ.

ಹಂತ 8: ಮುಳ್ಳು ನಿಂತರೆ

ವಾರಕ್ಕೆ ಕಾಲು ಕಿಲೋದಿಂದ ಅರ್ಧ ಕಿಲೋ ಇಳಿದರೆ ಚೆನ್ನಾಗಿ ನಡೆಯುತ್ತಿದೆ ಎಂದರ್ಥ. ಆರೇಳನೇ ವಾರ ಒಮ್ಮೆ ನಿಂತಂತೆ ಕಾಣುವುದು ಬಹಳ ಜನರಿಗೆ ಆಗುತ್ತದೆ. ಮೊದಲು ಟೇಪು ತೆಗೆಯಿರಿ, ತೂಕ ನಿಂತಿದ್ದರೂ ಸುತ್ತಳತೆ ಇಳಿದಿರಬಹುದು. ಅದೂ ಇಳಿದಿಲ್ಲವೇ, ಎಣ್ಣೆಯ ಕ್ಯಾನ್ ನೋಡಿ. ಆಮೇಲೆ ನಿದ್ದೆ. ಐದು ಗಂಟೆ ಮಲಗಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಯೋಗ ಮಾಡುವುದಕ್ಕಿಂತ ಏಳು ಗಂಟೆ ಮಲಗಿ ಸಂಜೆ ಮಾಡುವುದು ಮೇಲು. ಎಲ್ಲ ಸರಿಯಿದ್ದೂ ನಾಲ್ಕು ವಾರ ಅಲ್ಲಾಡದಿದ್ದರೆ, ಜೊತೆಗೆ ಸುಸ್ತು, ಕೂದಲು ಉದುರುವುದು, ಮುಟ್ಟಿನ ಏರುಪೇರು ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಅದರಲ್ಲಿ ತೊಂದರೆ ಕಂಡರೆ ಬೇಕಾದ್ದು ಔಷಧಿ. ಸುತ್ತು ಹೆಚ್ಚಿಸಿ ಪ್ರಯೋಜನವಿಲ್ಲ.

ಮದುವೆ, ಊರಹಬ್ಬ, ಜ್ವರ ಎಂದು ಅಭ್ಯಾಸ ತಪ್ಪುವುದು ಇದ್ದದ್ದೇ. ಮೂರು ದಿನ ತಪ್ಪಿದರೆ ಬಿಟ್ಟ ಸಂಖ್ಯೆಯಿಂದಲೇ ಮುಂದುವರಿಸಿ. ಒಂದು ವಾರ ತಪ್ಪಿದರೆ ಎರಡು ಸುತ್ತು ಹಿಂದಕ್ಕೆ ಹೋಗಿ. ತಿಂಗಳು ತಪ್ಪಿದರೆ ಮತ್ತೆ ಮೂರು ಸುತ್ತಿನಿಂದ. ತಪ್ಪಿದ್ದನ್ನು ಒಂದೇ ದಿನ ತೀರಿಸಲು ಹೋಗಬೇಡಿ.

ಹದಿಮೂರನೇ ವಾರ 13 ಸುತ್ತು ಮಾಡಬೇಕಿಲ್ಲ, ಹನ್ನೆರಡರಲ್ಲೇ ನಿಲ್ಲಿ. ಐದನೇ ಸ್ಥಿತಿ ದಂಡಾಸನದಲ್ಲಿ ಒಂದು ಉಸಿರಿನ ಬದಲು ಮೂರು ಉಸಿರು ನಿಲ್ಲಿ, ಆರಕ್ಕೆ ಇಳಿಯುವಾಗ ಮೂರರ ಬದಲು ಐದು ಎಣಿಸಿ.